ಅಟ್ಟದ ಮೇಲಿನ ದೆವ್ವದ ಕಾದಂಬರಿಗಳನ್ನು ಕೆಳಗಿಳಿಸಿ

ಕೆಂಕೆರೆಯ, ಹುಳಿಯಾರು ಸೀಮೆಯ, ಒಟ್ಟಾರೆ ನಮ್ಮ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ತಾಲ್ಲೂಕುಗಳ ಓದುಗ ಬಂಧುಗಳಲ್ಲಿ ಒಂದು ಮನವಿ. ನಿಮ್ಮ ಮನೆಯ ಅಟ್ಟದಲ್ಲಿ ಕಾಯಿ ರಾಶಿಯ ಪಕ್ಕದಲ್ಲೋ, ಹಳೇ ಟ್ರಂಕಿನ ತಳದಲ್ಲೋ ರಟ್ಟು ಕಿತ್ತುಹೋದ ಕಾದಂಬರಿಗಳು ಬಿದ್ದಿದ್ದರೆ, ಅದರಲ್ಲೂ ದೆವ್ವ, ಮೋಹಿನಿ, ನಾಗಿಣಿ, ಪುನರ್ಜನ್ಮ ಅಂತಿದ್ದು ಜೊತೆಗೆ ಒಂದಿಷ್ಟು ಪ್ರೀತಿ ಪ್ರೇಮವೂ ಇರುವಂಥವು ಇದ್ದರೆ, ದಯವಿಟ್ಟು ಗುಜರಿಯವನ ತಕ್ಕಡಿಗೆ ಹಾಕಬೇಡಿ. ನಮಗೆ ಕೊಡಿ. ನಮಗೆ ಅಂದರೆ ಊರಿನ ಗ್ರಂಥಾಲಯಕ್ಕೆ ಬರುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ. ಬೇಸಿಗೆ ರಜೆಯಲ್ಲಿ ಅವರೇ ಕೂತು ಅವಕ್ಕೆ ಹೊಸ ಮುಖಪುಟ ಬರೆಯಬೇಕು ಅನ್ನುವುದು ನಮ್ಮ ಆಸೆ.

"ದೆವ್ವದ ಪ್ರೇಮಕಥೆಯೇ? ಮಕ್ಕಳ ಕೈಗೆ ಕೊಡೋದಕ್ಕೆ ಇನ್ನೇನೂ ಸಿಗಲಿಲ್ಲವೇ?" ಅಂತ ಕೇಳುವವರು ಇದ್ದೇ ಇರುತ್ತೀರಿ. ನಮ್ಮ ಮನೆಯಲ್ಲೂ ಕೇಳಿದರು. ಅದಕ್ಕೇ ಸ್ವಲ್ಪ ಉದ್ದ ಹೇಳಬೇಕಾಗಿದೆ.

ನನ್ನ ತವರು ತುರುವೇಕೆರೆ ಕಡೆಯ ಹಳ್ಳಿ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮ್ಮ ಬಾಡಿಗೆಗೆ ತಂದ ಒಂದು ಕಾದಂಬರಿ ಕೈಗೆ ಸಿಕ್ಕಿತು. ದಿನಕ್ಕೆ ಐವತ್ತು ಪೈಸೆ ಬಾಡಿಗೆ. ಅಂಗಡಿಯವನು ಮೂಲ ರಟ್ಟು ಕಿತ್ತು ಖಾಕಿ ರಟ್ಟು ಅಂಟಿಸಿದ್ದ. ಅದರ ಮೇಲೆ ಶಾಯಿಯಲ್ಲಿ ಬರೆದಿದ್ದ ಹೆಸರು ಎಷ್ಟೋ ಕೈಗಳ ಬೆವರಿಗೆ ಅಳಿಸಿ ನೀಲಿ ಮಚ್ಚೆಯಾಗಿತ್ತು. ಕಥೆ ಇಷ್ಟು: ಒಂದು ಮಲೆನಾಡಿನ ಹಳ್ಳಿಗೆ ಹೊಸದಾಗಿ ಬಂದ ಮೇಡಂ, ಮಳೆ ಹೊಯ್ಯುವ ಸಂಜೆಗಳಲ್ಲಿ ಮಾತ್ರ ಅವಳ ಜಗಲಿಗೆ ಬಂದು ಕೂರುವ ಒಬ್ಬ ಹುಡುಗ. ಎಷ್ಟೇ ಜೋರು ಮಳೆಯಿರಲಿ, ಅವನ ಅಂಗಿ ಒದ್ದೆಯಾಗಿರುವುದಿಲ್ಲ. ಅದು ಅವಳ ಗಮನಕ್ಕೆ ಬರುವುದು ನೂರನೇ ಪುಟ ದಾಟಿದ ಮೇಲೆ. ನನಗೆ ಮೂವತ್ತನೇ ಪುಟದಲ್ಲೇ ಗೊತ್ತಾಗಿಹೋಗಿತ್ತು, ಆದರೂ ಅವಳಿಗೆ ಯಾವಾಗ ಗೊತ್ತಾದೀತೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಓದುತ್ತಿದ್ದದ್ದು ಅಟ್ಟದ ಏಣಿಯ ಕೆಳಗೆ, ಬುಡ್ಡಿ ದೀಪದಲ್ಲಿ. ಮೇಲೆ ಹೋದ ವರ್ಷದ ಕಾಯಿ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತ ಕಾಯಿಯ ನೀರು ಬತ್ತಿ ಗಿಟುಕು ಚಿಪ್ಪು ಬಿಟ್ಟಿರುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಿಲ್ಲ. ಇಲಿ ಓಡಿತೋ, ಒಂದು ಕಾಯಿ ಉರುಳಿತೋ, ಮಟ್ಟೆಯೊಳಗಿಂದಲೇ ಲೊಡಲೊಡ ಸದ್ದು. ಆ ಸದ್ದಿಗೆ ನಾನು ಪುಸ್ತಕ ಎದೆಗವಚಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಇಂಗ್ಲಿಷ್ ದೆವ್ವದ ಕಥೆಗಳಿಗೆ ಕಿರುಗುಟ್ಟುವ ಬಾಗಿಲು ಬೇಕು, ನಮ್ಮ ಸೀಮೆಗೆ ಉಂಡೆ ಕೊಬ್ಬರಿ ಸಾಕು.

ಇನ್ನು ಹದಿನೈದಿಪ್ಪತ್ತು ಪುಟ ಉಳಿದಿದ್ದಾಗ ಅಮ್ಮನ ಕೈಗೆ ಸಿಕ್ಕಿಬಿದ್ದೆ. "ಅದೇನೇ ಅದು, ಹೆಸರಿಲ್ಲ ದೆಸೆಯಿಲ್ಲ, ಕದ್ದು ಓದೋ ಅಂಥದ್ದು?" ಅಂದವಳೇ ಕಿತ್ತುಕೊಂಡು ಬಚ್ಚಲ ಒಲೆಗೆ ಹಾಕಿದಳು. ತೆಂಗಿನ ಮಟ್ಟೆಯ ಜೊತೆ ಅದೂ ಉರಿದು ಹಂಡೆಯ ನೀರು ಕಾಯಿತು. ಚಿಕ್ಕಮ್ಮ ಅಂಗಡಿಯವನಿಗೆ ದಂಡ ತೆತ್ತಳು. ಅಮ್ಮ ಒಂದು ಸಾಲನ್ನೂ ಓದಿರಲಿಲ್ಲ. ರಟ್ಟಿಲ್ಲದ್ದು ಕಂಡಿತು, ಅಷ್ಟೇ. ಮುಖಪುಟ ಇಲ್ಲದ ಪುಸ್ತಕ ಅವಳ ಕಣ್ಣಿಗೆ ಸೆರಗು ಮುಚ್ಚಿಕೊಂಡು ಓಡಾಡುವ ಹೆಂಗಸಿನ ಹಾಗೆ ಕಂಡಿರಬೇಕು.

ತಮಾಷೆಯೆಂದರೆ, ಹಾವು ಗಂಡನಾಗಿ ಬರುವ ಕಥೆಯನ್ನು ನಾನು ಮೊದಲು ಕೇಳಿದ್ದು ಇದೇ ಅಮ್ಮನ ಬಾಯಲ್ಲಿ. ಸಾಯಂಕಾಲ ತುರಿಮಣೆ ಮೇಲೆ ಕೂತು ಕಾಯಿ ತುರಿಯುತ್ತಾ ಹೇಳುತ್ತಿದ್ದಳು. ಇಂಥ ಕಥೆಗಳನ್ನು ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದವರು ಎ.ಕೆ. ರಾಮಾನುಜನ್. ಅವರಿಂದ ಕೇಳಿದ ಕಥೆಗಳನ್ನೇ ಹಿಡಿದು ಗಿರೀಶ ಕಾರ್ನಾಡರು 1988ರ ಸುಮಾರಿಗೆ 'ನಾಗಮಂಡಲ' ಬರೆದರು. ಟಿ.ಎಸ್. ನಾಗಾಭರಣ ಅದನ್ನು 1997ರಲ್ಲಿ ಸಿನಿಮಾ ಮಾಡಿದರು. ಕಥೆ ಗೊತ್ತಲ್ಲ: ಗಂಡ ಅಪ್ಪಣ್ಣ ಎಳೇ ಹೆಂಡತಿ ರಾಣಿಯನ್ನು ಒಳಗೆ ಹಾಕಿ ಬೀಗ ಜಡಿದು ಹೋಗುತ್ತಾನೆ. ಕುರುಡವ್ವ ಕೊಟ್ಟ ವಶೀಕರಣದ ಬೇರು ಅರೆದು ಸಾರಿಗೆ ಹಾಕಿದರೆ ಸಾರು ರಕ್ತದ ಬಣ್ಣಕ್ಕೆ ತಿರುಗುತ್ತದೆ, ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿದು ಬರುತ್ತಾಳೆ. ಹುತ್ತದ ನಾಗಪ್ಪ ಅದನ್ನು ಕುಡಿದು ಅವಳಿಗೆ ಮರುಳಾಗಿ, ರಾತ್ರಿ ಬಚ್ಚಲ ತೂಬಿನಿಂದ ನುಸುಳಿ, ಅಪ್ಪಣ್ಣನ ರೂಪ ತಾಳಿ ಬರುತ್ತಾನೆ. ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ'ಯೂ ಹಾವು ಮನುಷ್ಯರ ಈ ನಂಟಿನದ್ದೇ ನಾಟಕ, ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕಥೆಯಲ್ಲಿ ಬಡವರ ಮನೆಯ ಹುಡುಗಿಯೊಬ್ಬಳು ಹೂಬಿಡುವ ಮರವಾಗುತ್ತಾಳೆ, ರಾಜಕುಮಾರ ಅವಳನ್ನು ಮೋಹಿಸುತ್ತಾನೆ, ಕೊಂಬೆ ಮುರಿದವರ ದೆಸೆಯಿಂದ ಅವಳು ಅರ್ಧ ಮರ ಅರ್ಧ ಮನುಷ್ಯಳಾಗಿ ಉಳಿಯುತ್ತಾಳೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಅದೇ ಕಥೆಯನ್ನು ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಆಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದ.

ನಾಟಕವಾದಾಗ ಪ್ರಶಸ್ತಿ, ವಿಯೆನ್ನಾದಲ್ಲಿ ಹಾಡಿದಾಗ ಕಲೆ, ಕೆಂಕೆರೆಯ ಹುಡುಗಿ ಓದಿದರೆ ಮಾತ್ರ "ಹಾಳಾಗೋ ದಾರಿ". ಈ ಲೆಕ್ಕ ನನಗೆ ಹಿಡಿಸುವುದಿಲ್ಲ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಪಿಯುಸಿ ಓದುತ್ತಿದ್ದಾಳೆ. ಗೆಳತಿಯೊಬ್ಬಳಿಂದ ಎರವಲು ತಂದ 'ಟ್ವೈಲೈಟ್' ಪುಸ್ತಕವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ತಿಂಗಳು ಓದಿದಳು. ಸ್ಟೆಫನಿ ಮೇಯರ್ ಎಂಬಾಕೆ ಬರೆದದ್ದು, 2005ರಲ್ಲಿ ಪ್ರಕಟವಾದದ್ದು. ರಕ್ತ ಕುಡಿಯುವ ಜಾತಿಯ, ಮುಪ್ಪೇ ಬರದ ಹುಡುಗ, ಅವನನ್ನು ಪ್ರೀತಿಸುವ ಸಾಧಾರಣ ಹುಡುಗಿ. ಮುಖಪುಟದಲ್ಲಿ ಬರೀ ಕಪ್ಪು, ಆ ಕಪ್ಪಿನಿಂದ ಚಾಚಿದ ಎರಡು ಬೆಳ್ಳನೆ ಕೈ, ಬೊಗಸೆಯಲ್ಲಿ ಒಂದು ಕೆಂಪು ಸೇಬು. ದೆವ್ವವಿಲ್ಲ, ಹುಡುಗ ಹುಡುಗಿಯ ಚಿತ್ರವಿಲ್ಲ. ನನಗೂ ಓದಬೇಕು ಅನ್ನಿಸಿದ್ದು ಆ ಸೇಬು ನೋಡಿಯೇ. 2008ರಲ್ಲಿ ಸಿನಿಮಾ ಬಂದ ಮೇಲೆ ನಟ ನಟಿಯರ ಫೋಟೋ ಹಾಕಿದ ಪ್ರತಿಗಳೂ ಬಂದವು. ಸೇಬಿನ ಮುಂದೆ ಅವು ಸಪ್ಪೆ. ಹತ್ತು ವರ್ಷ ತುಂಬಿದಾಗ, 2015ರಲ್ಲಿ, ಅದೇ ಲೇಖಕಿ ಹುಡುಗನನ್ನು ಹುಡುಗಿ, ಹುಡುಗಿಯನ್ನು ಹುಡುಗ ಮಾಡಿ ಕಥೆಯನ್ನು ತಿರುಗಿಸಿ ಬರೆದಳು, ಆಗ ಮುಖಪುಟದ ಸೇಬು ಹಸಿರಾಯಿತು. ಒಂದು ಹಣ್ಣಿನ ಬಣ್ಣ ಬದಲಿಸಿ ಇಡೀ ಕಥೆ ಬದಲಾಗಿದೆ ಅಂತ ಹೇಳಿದ ಆ ಕಲಾವಿದರಿಗೆ ನನ್ನ ಕಡೆಯಿಂದ ಒಂದು ಚಪ್ಪಾಳೆ.

ಪುಸ್ತಕ ಮುಗಿಸಿದ ಮೇಲೆ ನಾವಿಬ್ಬರೂ ಜಗಳಕ್ಕೆ ಕೂತೆವು. ಆ ಹುಡುಗ ರಾತ್ರಿ ಹೊತ್ತು ಹೇಳದೆ ಕೇಳದೆ ಹುಡುಗಿಯ ಕೋಣೆಗೆ ಬಂದು, ಅವಳು ನಿದ್ದೆ ಮಾಡುವುದನ್ನು ನೋಡುತ್ತಾ ನಿಂತಿರುತ್ತಾನೆ. ಲೇಖಕಿಗೆ ಅದು ಪ್ರೀತಿ. ನನಗೆ ಸುತರಾಂ ಸರಿಬರಲಿಲ್ಲ.

"ನಮ್ಮೂರಲ್ಲಿ ಯಾವನಾದ್ರೂ ಹಿಂಗೆ ಬಂದಿದ್ರೆ ಕಂಬಕ್ಕೆ ಕಟ್ಟಾಕ್ತಿದ್ರು ಕಣೆ" ಅಂದೆ.

"ನಿಮ್ಮ ನಾಗಪ್ಪ ಮತ್ತೇನ್ ಮಾಡ್ದ? ಗಂಡನ ಥರಾನೇ ವೇಷ ಹಾಕ್ಕೊಂಡು ಮೋಸ ಮಾಡ್ಲಿಲ್ವಾ? ಇವನಾದ್ರೂ ತಾನು ಯಾರು ಅಂತ ಹೇಳ್ದ" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ರಾತ್ರಿ ಹನ್ನೊಂದರವರೆಗೆ ಹಟ್ಟಿಯಲ್ಲಿ ಕೂತು ಮಾತಾಡಿದೆವು. ಒಪ್ಪಿಗೆ ಅಂದರೇನು, ಹಿಂಬಾಲಿಸುವುದಕ್ಕೂ ಪ್ರೀತಿಸುವುದಕ್ಕೂ ಏನು ವ್ಯತ್ಯಾಸ, ಹುಡುಗ "ನಿನ್ನ ಬಿಟ್ಟರೆ ಸಾಯ್ತೀನಿ" ಅಂದರೆ ಏನನ್ನಬೇಕು, ಇವೆಲ್ಲ ಬಂದವು. ಹದಿನೇಳು ವರ್ಷದ ಮಗಳ ಜೊತೆ ಇಂಥ ಮಾತು ನೇರವಾಗಿ ಎತ್ತಿದರೆ ಎದ್ದು ಹೋಗುತ್ತಾಳೆ. ದೆವ್ವವನ್ನು ನಡುವೆ ಕೂರಿಸಿಕೊಂಡೆವು, ಮಾತು ಸಲೀಸಾಯಿತು. ತಂದೆ ತಾಯಿಯರಲ್ಲಿ ನನ್ನ ಮೊದಲ ಬೇಡಿಕೆ ಇದೇ: ಪುಸ್ತಕ ಕಿತ್ತುಕೊಳ್ಳಬೇಡಿ, ಅವರು ಓದಿ ಮುಗಿಸಿದ ಮೇಲೆ ಇಸಿದುಕೊಂಡು ನೀವೂ ಓದಿ. ಬೈಯುವುದಿದ್ದರೆ ಓದಿದ ಮೇಲೆ ಬೈಯಿರಿ.

ಮುಖಪುಟದ ಮಾತು ಯಾಕೆ ಇಷ್ಟು ಹೊತ್ತು ಅನ್ನುತ್ತೀರಾ? ಅದರ ತಾಕತ್ತು ಎಷ್ಟಿದೆ ಗೊತ್ತೇ? ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ 'ವದರಿಂಗ್ ಹೈಟ್ಸ್' ಕಾದಂಬರಿಗೆ 2009ರಲ್ಲಿ ಪ್ರಕಾಶಕರು ಥೇಟು 'ಟ್ವೈಲೈಟ್' ಮಾದರಿಯ ಕಪ್ಪು ರಟ್ಟು ಹಾಕಿ, ಆ ಕಥೆಯ ಹುಡುಗ ಹುಡುಗಿಯ ಜೋಡಿಗೆ ಇದು ಮೆಚ್ಚಿನ ಪುಸ್ತಕ ಅಂತ ಮೇಲೆ ಅಚ್ಚು ಹಾಕಿಸಿ ಮಾರಿದರು. ಒಳಗೆ ಒಂದಕ್ಷರ ಬದಲಾಗಿರಲಿಲ್ಲ. ಪಂಡಿತರು ಮೂಗು ಮುರಿದರು. ನಾನು ಮುರಿಯುವುದಿಲ್ಲ. ನೂರರವತ್ತು ವರ್ಷ ಹಳೆಯ ಪುಸ್ತಕವನ್ನು ಹದಿನಾರರ ಹುಡುಗಿ ತಾನಾಗೇ ಕೈಗೆತ್ತಿಕೊಂಡಳು ಅಂದರೆ ರಟ್ಟು ತನ್ನ ಕೆಲಸ ಮಾಡಿದೆ.

ಆದರೆ ಅದೇ ವರ್ಷದ ಇನ್ನೊಂದು ಸಂಗತಿ ಕೇಳಿ. ಜಸ್ಟೀನ್ ಲಾರ್ಬಲೆಸ್ಟಿಯರ್ ಎಂಬ ಲೇಖಕಿಯ 'ಲಯರ್' ಕಾದಂಬರಿಯ ನಾಯಕಿ ಕಪ್ಪು ಹುಡುಗಿ, ಗಿಡ್ಡ ಗುಂಗುರು ಕೂದಲು. ಅಮೆರಿಕದ ಪ್ರತಿಗೆ ತಯಾರಾದ ಮುಖಪುಟದಲ್ಲಿ ಇದ್ದದ್ದು ನೀಳ ಕೂದಲಿನ ಬಿಳಿ ಹುಡುಗಿ. ಕಪ್ಪು ಮುಖ ಹಾಕಿದರೆ ಪುಸ್ತಕ ಹೋಗುವುದಿಲ್ಲ ಅನ್ನುವ ಮಾತು ಆ ವ್ಯಾಪಾರದಲ್ಲಿ ಹಳೆಯದು. ಲೇಖಕಿಯೇ ಬಾಯಿಬಿಟ್ಟು ಆಕ್ಷೇಪಿಸಿದಳು, ಓದುಗರು ಗಲಾಟೆ ಮಾಡಿದರು, ಪುಸ್ತಕ ಅಂಗಡಿಗೆ ಬರುವ ಮೊದಲೇ ಮುಖಪುಟ ಬದಲಾಯಿತು. ಓದುಗರು ಕೇಳಿದರೆ ಬದಲಾಗುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ.

ನಮ್ಮಲ್ಲಿ ಕೇಳಿದವರು ಯಾರು? ವಾರಪತ್ರಿಕೆಯ ಧಾರಾವಾಹಿಗಳ ಚಿತ್ರಗಳಿಂದ ಹಿಡಿದು ಕಾದಂಬರಿಗಳ ರಟ್ಟಿನವರೆಗೆ ನಾಯಕಿ ಅಂದರೆ ಹಾಲುಬಣ್ಣ, ಕಡಲೆಬೀಜದಂಥ ಕಣ್ಣು, ಹೆಗಲ ಮೇಲಿಂದ ಜಡೆ. ಕಥೆಯೊಳಗೆ ಅವಳು ಬಿಸಿಲಲ್ಲಿ ಬೆಂದವಳಾಗಿದ್ದರೂ ಹೊರಗೆ ಬೆಳ್ಳಗಿರುತ್ತಾಳೆ. ಹೊರಗಿನದ್ದು ನೋಡಿ ಮೋಸ ಹೋಗಬಾರದು ಅಂತ ಮಕ್ಕಳಿಗೆ ಬುದ್ಧಿ ಹೇಳುವ ನಾವು ಹೆಣ್ಣು ನೋಡಲು ಹೋದಾಗ ಮೊದಲು ನೋಡುವುದು ಬಣ್ಣವನ್ನೇ ಅಲ್ಲವೇ. ಕನ್ನಡದಲ್ಲಿ ಒಳ್ಳೆಯ ಮುಖಪುಟಗಳಿಲ್ಲ ಅಂತ ಖಂಡಿತ ಹೇಳುತ್ತಿಲ್ಲ. ಆರ್.ಎಸ್. ನಾಯ್ಡು, ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಈಚೆಗೆ ಅಪಾರ, ಇವರ ಕೈಯಲ್ಲಿ ಅಕ್ಷರವೂ ಚಿತ್ರವೂ ಮಾತಾಡಿವೆ. ತೇಜಸ್ವಿಯವರು ತಮ್ಮ ಪುಸ್ತಕಗಳ ರಟ್ಟಿನ ಬಗ್ಗೆ ತಾವೇ ತಲೆ ಕೆಡಿಸಿಕೊಳ್ಳುತ್ತಿದ್ದರು. ಆದರೆ ಈ ಶ್ರದ್ಧೆಯೆಲ್ಲ ಗಂಭೀರ ಸಾಹಿತ್ಯದ ಪಾಲಿಗೆ. ಜನ ಮುಗಿಬಿದ್ದು ಓದಿದ ಪುಸ್ತಕಗಳಿಗೆ ತಲೆಬುರುಡೆ, ಕೆಂಪು ಕಣ್ಣು, ಬಿಳಿ ಸೀರೆ ಹಾಕಿ ಕೈ ತೊಳೆದುಕೊಂಡದ್ದೇ ಹೆಚ್ಚು.

ಇನ್ನು ನಮ್ಮ ಗ್ರಂಥಾಲಯಗಳ ಸ್ಥಿತಿ. ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟಕ್ಕಿಷ್ಟು ಅಂತ. ಚಿತ್ರಕಾರನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಒಳ್ಳೆಯ ಮುಖಪುಟ ಮಾಡಿಸಿದ ಪ್ರಕಾಶಕನಿಗೆ ಅದರಿಂದ ಏನೂ ಗಿಟ್ಟುವುದಿಲ್ಲ. ಬಂದ ಪುಸ್ತಕ ಹತ್ತಾರು ಕೈ ಬದಲಾಗಿ ಹೊಲಿಗೆ ಬಿಟ್ಟರೆ ಬೈಂಡಿಂಗಿಗೆ ಹೋಗುತ್ತದೆ. ಬೈಂಡರು ಮುಖಪುಟ ಕಿತ್ತೆಸೆದು, ಅಂಚು ಕತ್ತರಿಸಿ, ಕಂದು ರೆಕ್ಸಿನ್ನು ಹೊದಿಸಿ, ಬೆನ್ನಿನ ಮೇಲೆ ಒಂದು ನಂಬರು ಬರೆದು ಕಳಿಸುತ್ತಾನೆ. ಹಿಂದೊಮ್ಮೆ ಒಂದು ಗ್ರಂಥಾಲಯದಲ್ಲಿ ತ್ರಿವೇಣಿಯವರ ಕಾದಂಬರಿ ಹುಡುಕುತ್ತಾ ನಾನು ಇಡೀ ಬೀರು ಇಳಿಸಿದ್ದೆ. ತೆಗೆದ ಒಂದೊಂದೂ ಕಂದು, ಒಂದೊಂದೂ ಒಂದೇ ಥರ. ಕೊನೆಗೆ ಸಿಕ್ಕ 'ಶರಪಂಜರ', ಪಕ್ಕದಲ್ಲಿದ್ದ ಸಸ್ಯಶಾಸ್ತ್ರದ ಪುಸ್ತಕದ ಅವಳಿಯಂತಿತ್ತು. ಹದಿನಾಲ್ಕು ವರ್ಷದ ಹುಡುಗಿ ಆ ಸಾಲಿನಿಂದ ಯಾವುದನ್ನು ಎತ್ತಿಕೊಳ್ಳಬೇಕು?

ಅದಕ್ಕೆ ನಮ್ಮ ಈ ಕೆಲಸ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದ ಪ್ರಕಾರ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ನಿಮ್ಮ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿ ಹೋಗುತ್ತದೆ, ರಸೀದಿ ತೆಗೆದು ನೋಡಿ. ಅಂದಮೇಲೆ ಅಲ್ಲಿನ ಬೀರುವಿನಲ್ಲಿ ಏನಿರಬೇಕು ಅನ್ನುವುದರಲ್ಲಿ ನಿಮಗೂ ಮಾತಿದೆ. ಚಿಕ್ಕ ಮಕ್ಕಳಿಗೆ ಪಂಚತಂತ್ರ ಇದೆ, ಕೆಲಸ ಹುಡುಕುವವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇದೆ. ನಡುವಿನ ಹದಿಮೂರರಿಂದ ಹದಿನೆಂಟರವರಿಗೆ ಒಂದು ಸಾಲೂ ಇಲ್ಲ. ಅವರು ಮೊಬೈಲಿನಲ್ಲಿ ಪ್ರತಿಲಿಪಿ ಆ್ಯಪ್ ತೆರೆದು ಕಂತು ಕಂತಾಗಿ ದೆವ್ವದ ಪ್ರೇಮಕಥೆ ಓದುತ್ತಾರೆ. ಓದಲಿ ಪಾಪ. ಆದರೆ ಕಾರ್ನಾಡರ ನಾಗಪ್ಪನೂ ಚಂದಮಾಮದ ಬೇತಾಳನೂ ಯಂಡಮೂರಿಯವರ 'ತುಳಸಿದಳ'ವೂ ಅವರ ಕೈಗೆಟುಕುವ ಎತ್ತರದಲ್ಲಿ, ಕಣ್ಣು ಹಿಡಿಯುವ ಹಾಗೆ ಇರಲಿ ಅನ್ನುವುದಷ್ಟೇ ನಮ್ಮ ಕೋರಿಕೆ.

ಪ್ರಯೋಗಕ್ಕೆಂದು ನಾಲ್ಕೈದು ಹುಡುಗ ಹುಡುಗಿಯರನ್ನು ನಮ್ಮ ಮನೆಯ ಹಜಾರದಲ್ಲಿ ಕೂರಿಸಿಕೊಂಡು ನೋಡಿದೆ. ಹಳೇ ಕ್ಯಾಲೆಂಡರಿನ ಹಿಂಬದಿ, ಮೈದಾ ಅಂಟು, ಪೋಸ್ಟರ್ ಬಣ್ಣ. ಜೂನ್ ತಿಂಗಳಲ್ಲಿ ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿದಷ್ಟೇ ಸಲೀಸು. ಒಂದೇ ಷರತ್ತು ಇಟ್ಟಿದ್ದೆ, ಪೂರ್ತಿ ಓದದೆ ಕುಂಚ ಮುಟ್ಟುವ ಹಾಗಿಲ್ಲ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ 'ನಾಗಮಂಡಲ' ತೆಗೆದುಕೊಂಡಳು. ಹೆಡೆ ಎತ್ತಿದ ಹಾವು, ತಬ್ಬಿಕೊಂಡ ಜೋಡಿ ಬರೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಬರೆದದ್ದು ಬಚ್ಚಲ ತೂಬು. ನಮ್ಮ ಹಳೇ ಮನೆಗಳಲ್ಲಿ ಇರುತ್ತದಲ್ಲ, ಗೋಡೆಯ ಬುಡದಲ್ಲಿ ಪಾಚಿಗಟ್ಟಿದ ಒಂದು ಗೇಣಿನ ತೂತು, ಅದೇ. ತೂತಿನ ಆಚೆ ಬೆಳದಿಂಗಳು, ಈಚೆ ಕತ್ತಲೆ, ಒಂದು ಮೂಲೆಯಲ್ಲಿ ಒಲೆಗೆಂದು ಕೂಡಿಟ್ಟ ತೆಂಗಿನ ಮಟ್ಟೆ. "ರಾಣಿ ಎಲ್ಲಮ್ಮ?" ಅಂದೆ. "ಒಳಗವ್ಳೆ ಆಂಟಿ, ಬೀಗ ಹಾಕೈತಲ್ಲ" ಅಂದಳು. ಕಥೆಯೆಲ್ಲ ಕಾರ್ನಾಡರದು, ಬಚ್ಚಲು ಮಾತ್ರ ಕೆಂಕೆರೆಯದು. ಇಂಥ ಮುಖಪುಟವನ್ನು ಬೆಂಗಳೂರಿನ ಯಾವ ಕಲಾವಿದರೂ ಬರೆಯುತ್ತಿರಲಿಲ್ಲ ಅಂತ ನಾನು ಪಣ ಕಟ್ಟುತ್ತೇನೆ.

ಎಲ್ಲವೂ ಹೀಗೆ ಚೆನ್ನಾಗಿ ಬಂತು ಅಂತಲ್ಲ. ಒಬ್ಬ ಹುಡುಗ ಬೇತಾಳನ ಕೈಗೆ ಮೆಷಿನ್ ಗನ್ ಕೊಟ್ಟ. ಅದನ್ನೂ ಇಟ್ಟುಕೊಂಡಿದ್ದೇವೆ.

ಹಾಗಾಗಿ ಕೇಳುತ್ತಿರುವುದು ಇಷ್ಟು. ಪುಸ್ತಕ ಇದ್ದವರು ಪುಸ್ತಕ ಕೊಡಿ, ಪುಟ ಹರಿದಿದ್ದರೂ ಸರಿ, ಗೆದ್ದಲು ಹತ್ತಿದ್ದರೆ ಮಾತ್ರ ಬೇಡ. ಹಳೇ ರಟ್ಟು ಅರ್ಧಮರ್ಧ ಉಳಿದಿದ್ದರೆ ಕೀಳಬೇಡಿ, ಹೊಸದನ್ನು ಅದರ ಮೇಲೆ ಹೊದಿಸುತ್ತೇವೆ, ಮೊದಲು ಬರೆದ ಕಲಾವಿದರ ಹೆಸರು ಒಳಗೆ ಹಾಗೇ ಇರಲಿ. ಡ್ರಾಯಿಂಗ್ ಮೇಷ್ಟ್ರುಗಳು ವಾರಕ್ಕೊಂದು ಮಧ್ಯಾಹ್ನ ಬನ್ನಿ, ಆದರೆ ಮಕ್ಕಳ ಚಿತ್ರ ತಿದ್ದಬೇಡಿ, ಅಕ್ಷರ ಬರೆಯುವುದನ್ನು ಮಾತ್ರ ಕಲಿಸಿಕೊಡಿ. ಕನ್ನಡದ ಒತ್ತು ದೀರ್ಘಗಳನ್ನು ಚಂದಕ್ಕೆ ಕೂರಿಸುವುದು ಬೆಳದಿಂಗಳು ಬರೆಯುವುದಕ್ಕಿಂತ ಕಷ್ಟ. ಗ್ರಂಥಾಲಯದ ಮೇಲ್ವಿಚಾರಕರು ಒಂದೇ ಒಂದು ಅಡ್ಡ ಹಲಗೆ ಬಿಟ್ಟುಕೊಡಿ, ಅದಕ್ಕೆ 'ಹರೆಯದವರಿಗೆ' ಅಂತ ಚೀಟಿ ಅಂಟಿಸೋಣ. ಪ್ರಕಾಶಕರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಮುದ್ರಣಕ್ಕೆ ಹೋಗುವ ಮೊದಲು ಕಥೆಯ ಹುಡುಗಿ ಯಾವ ಊರಿನವಳು, ಯಾವ ಬಿಸಿಲಿನವಳು ಅಂತ ಚಿತ್ರಕಾರರಿಗೆ ಒಂದು ಮಾತು ಹೇಳಿ.

ಕೊನೆಯದೊಂದು ನನ್ನ ಸ್ವಂತ ಕೋರಿಕೆ. ಮಳೆ ಬರುವ ಸಂಜೆಗಳಲ್ಲಿ ಜಗಲಿಗೆ ಬರುತ್ತಿದ್ದ, ಅಂಗಿ ಒದ್ದೆಯಾಗದ ಆ ಹುಡುಗನ ಕಾದಂಬರಿಯ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಗ್ರಂಥಾಲಯದಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಿ. ಪುಸ್ತಕವೇ ಇದ್ದರೆ ಇನ್ನೂ ಒಳ್ಳೆಯದು, ಕೊನೆಯ ಇಪ್ಪತ್ತು ಪುಟ ಇದ್ದರೂ ಸಾಕು.